ಮೀನಿಗಿಂತ ಮೊದಲು ನೀರನ್ನು ಸಾಕಿ

ನಮ್ಮ ಡೊಂಬಿವಲಿ, ಕಲ್ಯಾಣದ ಸೊಸೈಟಿಗಳ ಮೆಟ್ಟಿಲ ಕೆಳಗೆ ಒಮ್ಮೆ ಕಣ್ಣಾಡಿಸಿ. ಮಕ್ಕಳ ಮೂರು ಚಕ್ರದ ಸೈಕಲ್ಲು, ಕೆಟ್ಟುಹೋದ ಕೂಲರ್, ಹಳೇ ಗಣಪತಿ ಮಖರ... ಅವುಗಳ ನಡುವೆ ಗಾಜಿನ ಮೀನಿನ ಟ್ಯಾಂಕೂ ಒಂದು ಇದ್ದೇ ಇರುತ್ತದೆ. ಒಳಗೆ ನೀಲಿ-ಗುಲಾಬಿ ಬಣ್ಣದ ಕಲ್ಲು, ಬಾಯಿ ತೆರೆದು ಗುಳ್ಳೆ ಬಿಡುತ್ತಿದ್ದ ಪ್ಲಾಸ್ಟಿಕ್ ಪೆಟ್ಟಿಗೆ, ಮೂಲೆಯಲ್ಲಿ ಒಣಗಿ ಕಪ್ಪಾದ ಪಾಚಿ. ಕೆಲವು ಮನೆಗಳಲ್ಲಿ ಅದು ಬಾಲ್ಕನಿಗೆ ಬಡ್ತಿ ಪಡೆದು ಈರುಳ್ಳಿ-ಬಟಾಟೆ ಡಬ್ಬಿಯೂ ಆಗಿದೆ. ಠಾಣೆಯ ಘೋಡ್‌ಬಂದರ್ ರಸ್ತೆಯ ಎತ್ತರದ ಟವರ್‌ಗಳಲ್ಲಾಗಲಿ, ನವಿ ಮುಂಬಯಿಯ ಸಿಡ್ಕೋ ಕಾಲೊನಿಗಳಲ್ಲಾಗಲಿ ಕತೆ ಬೇರೆ ಏನಲ್ಲ. ಟ್ಯಾಂಕು ದೊಡ್ಡದು, ಅಷ್ಟೆ.

ಈ ಟ್ಯಾಂಕುಗಳೆಲ್ಲ ಯಾಕೆ ಖಾಲಿಯಾದವು ಅಂತ ಕೇಳಿದರೆ ಎಲ್ಲ ಕಡೆ ಒಂದೇ ಉತ್ತರ: "ಮೀನು ಉಳಿಯೋದಿಲ್ಲ ಮಾರಾಯ್ರೇ, ನಮ್ಮ ಕೈಗುಣ ಸರಿ ಇಲ್ಲ."

ಕೈಗುಣ ಸರಿಯಾಗೇ ಇದೆ ಅನ್ನೋದು ನನ್ನ ಅಭಿಪ್ರಾಯ. ಕೆಟ್ಟಿರೋದು ಕೆಲಸದ ಅನುಕ್ರಮ. ನಾವು ಮೊದಲು ಮೀನನ್ನು ಇಷ್ಟಪಡುತ್ತೇವೆ, ಆಮೇಲೆ ಅದಕ್ಕೊಂದು ಟ್ಯಾಂಕು ಕೊಳ್ಳುತ್ತೇವೆ, ಆಮೇಲೆ ಅದನ್ನು ಇಡೋದಕ್ಕೆ ಮನೆಯಲ್ಲಿ ಜಾಗ ಹುಡುಕುತ್ತೇವೆ, ಕೊನೆಗೆ ನಲ್ಲಿ ತಿರುಗಿಸಿ ನೀರು ತುಂಬುತ್ತೇವೆ. ಇಷ್ಟೂ ಒಂದೇ ಭಾನುವಾರದಲ್ಲಿ! ಇದನ್ನು ಪೂರ್ತಿ ತಲೆಕೆಳಗು ಮಾಡಬೇಕು. ಮೊದಲು ಸ್ಟ್ಯಾಂಡು, ಆಮೇಲೆ ಟ್ಯಾಂಕು, ಆಮೇಲೆ ಮಣ್ಣು, ನೀರು, ಗಿಡ. ಮೀನು ಎಲ್ಲಕ್ಕಿಂತ ಕೊನೆಗೆ, ಕಡಿಮೆ ಅಂದರೂ ಒಂದು ತಿಂಗಳು ಬಿಟ್ಟು.

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಮಂಡಕ್ಕಿ ಹಾಕಿಯೇ ಇರುತ್ತೀರಿ. ಬೆಳ್ತಂಗಡಿ ಕಡೆಯವರಿಗೆ ಶಿಶಿಲದ ಕಪಿಲಾ ಹೊಳೆ ಗೊತ್ತು. ಮೊಣಕೈ ಉದ್ದದ ಮೀನುಗಳು ಕಾಲಿಗೆ ತಾಗುವಷ್ಟು ಹತ್ತಿರ ಬರುತ್ತವೆ. ಅಲ್ಲಿ ಅವುಗಳನ್ನು ಯಾರೂ ಹಿಡಿಯೋದಿಲ್ಲ, ತಿನ್ನೋದಿಲ್ಲ. ಅಲ್ಲಿ ನಮ್ಮ ಕೆಲಸ ಎಷ್ಟು ಹೇಳಿ? ಮಂಡಕ್ಕಿ ಹಾಕೋದು, ಕೈ ಮುಗಿಯೋದು. ಮೀನು ಉಸಿರಾಡೋದಕ್ಕೆ ಗಾಳಿ ಬೆರೆಸುವುದು, ಅದರ ಹೊಲಸನ್ನು ಕೊಚ್ಚಿಕೊಂಡು ಹೋಗುವುದು, ಬೇಸಿಗೆಯಲ್ಲಿ ಆಳದ ಮಡುವಿನಲ್ಲಿ ತಂಪು ಉಳಿಸಿಕೊಳ್ಳುವುದು, ಇದೆಲ್ಲ ತುಂಗೆಯ ಕೆಲಸ. ಮನೆಯಲ್ಲಿ ಮೀನು ತಂದಿಟ್ಟ ದಿನ ಆ ಕೆಲಸ ಪೂರ್ತಿ ನಮ್ಮ ತಲೆ ಮೇಲೆ ಬೀಳುತ್ತದೆ. ನಾವಾದರೋ ಅಲ್ಲೂ ಮಂಡಕ್ಕಿ ಹಾಕೋದನ್ನಷ್ಟೇ ಮಾಡುತ್ತಾ ಕೂತಿರುತ್ತೇವೆ.

ಇನ್ನು ಸ್ಟ್ಯಾಂಡಿನ ವಿಷಯ. ಅದನ್ನು ನಾವೇ ಯಾಕೆ ಮಾಡಿಕೊಳ್ಳಬೇಕು ಅಂತೀರಾ? ದುಡ್ಡು ಉಳಿಯುತ್ತದೆ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಏನಂದರೆ, ಸ್ಟ್ಯಾಂಡು ಮಾಡಲು ಹೊರಟವನು ಅನಿವಾರ್ಯವಾಗಿ ಲೆಕ್ಕ ಹಾಕುತ್ತಾನೆ. ಅಂಗಡಿಯಿಂದ ರೆಡಿಮೇಡ್ ತಂದವನು ಹಾಕುವುದಿಲ್ಲ.

ಲೆಕ್ಕ ಹೀಗೆ. ಒಂದು ಘನ ಅಡಿ ಜಾಗದಲ್ಲಿ 28 ಲೀಟರ್‌ಗಿಂತ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕಿನಲ್ಲಿ ಕಂಠಮಟ್ಟ 56 ಲೀಟರ್. ಅಂದರೆ ನೀರೇ 56 ಕಿಲೋ. 6 ಮಿಲಿಮೀಟರ್ ಗಾಜಿನದ್ದಾದರೆ ಗಾಜಿನ ತೂಕ ಸುಮಾರು 11 ಕಿಲೋ. ಮಣ್ಣು, ಜಲ್ಲಿ, ಒಂದೆರಡು ಕಲ್ಲು ಸೇರಿದರೆ 80 ಕಿಲೋ ಹತ್ತಿರ ಬಂತು. "ಅಷ್ಟೇನಾ, ನಮ್ಮ ಮಾವನವರೇ ಅಷ್ಟಿದ್ದಾರೆ" ಅನ್ನಬಹುದು ನೀವು. ಸರಿ, ಆದರೆ ಮಾವನವರು ಕುರ್ಚಿಯಿಂದ ಆಗಾಗ ಎದ್ದು ಹೋಗುತ್ತಾರೆ. ಟ್ಯಾಂಕು ಎದ್ದು ಹೋಗುವುದಿಲ್ಲ. ಹಗಲು-ರಾತ್ರಿ, ವರ್ಷಗಟ್ಟಲೆ, ಅದೇ ನಾಲ್ಕು ಕಾಲಿನ ಮೇಲೆ ಕೂತಿರುತ್ತದೆ. ಅದೇ ಟ್ಯಾಂಕನ್ನು 3 ಅಡಿ, ಒಂದೂವರೆ, ಒಂದೂವರೆ ಮಾಡಿ ನೋಡಿ. ನೋಡೋದಕ್ಕೆ ಸ್ವಲ್ಪ ದೊಡ್ಡದು ಅನ್ನಿಸುತ್ತದೆ, ಆದರೆ ನೀರು 191 ಲೀಟರ್. ಎಲ್ಲ ಸೇರಿ ಕಾಲು ಟನ್ನು!

ನಮ್ಮ ಕಡೆಯ ಎಷ್ಟೋ ಕಟ್ಟಡಗಳು ಹೇಗಿವೆ ಅಂತ ನಿಮಗೆ ಗೊತ್ತಿದೆ. ಮಳೆಗಾಲ ಹತ್ತಿರ ಬಂದಾಗ ಪಾಲಿಕೆಯವರು 'ಧೋಕಾದಾಯಕ್' ಕಟ್ಟಡಗಳ ಪಟ್ಟಿ ಹೊರಡಿಸುತ್ತಾರೆ. ಹಳೇ ನಾಲ್ಕಂತಸ್ತಿನ ಕಟ್ಟಡದಲ್ಲಿ, ಅದರಲ್ಲೂ ಹೊರಗೆ ಚಾಚಿದ ಬಾಲ್ಕನಿಯಲ್ಲಿ, ಕಾಲು ಟನ್ ತೂಕ ಇಡೋದು ಧೈರ್ಯವಲ್ಲ, ಹುಂಬತನ. ಹಾಗಾಗಿ ನನ್ನ ಸಲಹೆ 2 ಅಡಿಯ ಟ್ಯಾಂಕು, ಹಾಲಿನ ಒಳಗೋಡೆಗೆ ತಾಗಿಸಿ. ಬಾಲ್ಕನಿ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. ನೇರ ಬಿಸಿಲು ಬಿದ್ದರೆ ಎರಡೇ ವಾರದಲ್ಲಿ ಗಾಜೆಲ್ಲ ಹಸಿರು ಪಾಚಿ.

ಸ್ಟ್ಯಾಂಡು ಮಾಡೋದು ಬ್ರಹ್ಮವಿದ್ಯೆಯೇನಲ್ಲ. ಹತ್ತಿರದ ಮರದ ವಖಾರಿನಲ್ಲಿ ಹಳೇ ಬಾಗಿಲು ಚೌಕಟ್ಟಿನ ಮರ ಸಿಗುತ್ತದೆ. ಚೆನ್ನಾಗಿ ಒಣಗಿರುತ್ತದೆ, ಇನ್ನು ಸೊಟ್ಟಗಾಗುವ ಭಯವಿಲ್ಲ. 2 ಇಂಚು ದಪ್ಪ, 3 ಇಂಚು ಅಗಲದ ನಾಲ್ಕು ಕಾಲು, 28 ಇಂಚು ಎತ್ತರ. ಕೂತು ನೋಡಿದರೆ ಗಿಡಗಳು ಕಣ್ಣಿನ ನೇರಕ್ಕೆ ಬರುತ್ತವೆ. ಇಲ್ಲಿ ಒಂದೇ ಒಂದು ನಿಯಮ ನೆನಪಿಡಿ. ಮೇಲಿನ ಚೌಕಟ್ಟು ಕಾಲುಗಳ *ಮೇಲೆ* ಕೂತಿರಬೇಕು. ಕಾಲಿನ ಪಕ್ಕಕ್ಕೆ ಚೌಕಟ್ಟನ್ನು ಒತ್ತಿ ಹಿಡಿದು ಸ್ಕ್ರೂ ಹೊಡೆದರೆ ಇಡೀ 80 ಕಿಲೋ ಆ ಸ್ಕ್ರೂಗಳ ಮೇಲೆ ನೇತಾಡುತ್ತದೆ. ಭಾರ ಮರದಿಂದ ಮರಕ್ಕೆ, ಮರದಿಂದ ನೆಲಕ್ಕೆ ಇಳಿಯಬೇಕು. ಸ್ಕ್ರೂ ಇರೋದು ಮರ ಅತ್ತಿತ್ತ ಸರಿಯದಂತೆ ಹಿಡಿದುಕೊಳ್ಳೋದಕ್ಕೆ ಮಾತ್ರ. ಊರಿನ ಹಳೇ ಮನೆಯ ಕಂಬ-ತೊಲೆ ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಚೌಕಟ್ಟಿನ ಮೇಲೆ 19 ಮಿಲಿಮೀಟರ್ ಪ್ಲೈವುಡ್ ಹಲಗೆ. ಅಂಗಡಿಯಲ್ಲಿ ಮರೀನ್ ಪ್ಲೈ ಕೇಳಿ, ಹಾಳೆಯ ಮೇಲೆ ಐಎಸ್ 710 ಅಂತ ಮುದ್ರೆ ಇದೆಯೋ ನೋಡಿ. ಟಿವಿ ಸ್ಟ್ಯಾಂಡುಗಳಲ್ಲಿ ಬಳಸುವ ಪಾರ್ಟಿಕಲ್ ಬೋರ್ಡು ಮಾತ್ರ ಖಂಡಿತ ಬೇಡ. ನೀರು ತಾಗಿದರೆ ಅದು ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಉಬ್ಬುತ್ತದೆ. ಟ್ಯಾಂಕಿನ ಕೆಲಸದಲ್ಲಿ ನೀರು ತಾಗದ ದಿನವೇ ಇಲ್ಲ, ಜೊತೆಗೆ ನಮ್ಮ ನಾಲ್ಕು ತಿಂಗಳ ಮಳೆಗಾಲದ ತೇವ ಬೇರೆ. ಹಿಂಬದಿಗೆ ಒಂದು ತೆಳ್ಳನೆ ಪ್ಲೈ ಹಾಳೆ ಹೊಡೆಯಿರಿ. ಅದು ಅಂದಕ್ಕಲ್ಲ. ಅದಿಲ್ಲದಿದ್ದರೆ ಸ್ಟ್ಯಾಂಡು ಪಕ್ಕಕ್ಕೆ ವಾಲಾಡುತ್ತದೆ. ಕತ್ತರಿಸಿದ ಅಂಚುಗಳಿಗೆ ಮೂರು ಕೈ ಪೇಂಟು, ಕಾಲಿನ ಕೆಳಗೆ ರಬ್ಬರ್ ತುಂಡು, ಹಲಗೆಯ ಮೇಲೆ ಅರ್ಧ ಇಂಚು ಥರ್ಮಾಕೋಲ್ ಹಾಳೆ. ಮರದ ಸಣ್ಣಪುಟ್ಟ ಉಬ್ಬು-ತಗ್ಗು ಗಾಜಿನ ತಳವನ್ನು ಒತ್ತಿ ಬಿರುಕು ಬಿಡಿಸದಂತೆ ಥರ್ಮಾಕೋಲ್ ತಡೆಯುತ್ತದೆ.

ಟ್ಯಾಂಕು ಇಟ್ಟು ನಾಲ್ಕು ಇಂಚು ನೀರು ತುಂಬಿ. ಈಗ ನೀರೇ ನಿಮ್ಮ ಮಟ್ಟಗೋಲು. ನಾಲ್ಕೂ ಮೂಲೆಯಲ್ಲಿ ತಳದಿಂದ ನೀರಿನ ಗೆರೆ ಎಷ್ಟು ಎತ್ತರ ಅಂತ ಸ್ಕೇಲ್ ಹಿಡಿದು ಅಳೆಯಿರಿ. ಎರಡು-ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸ್ಟ್ಯಾಂಡಿನ ಕಾಲ ಕೆಳಗೆ ಪಟ್ಟಿ ಕೊಟ್ಟು ಸರಿಮಾಡಿ. ಟ್ಯಾಂಕಿನ ಕೆಳಗೆ ಯಾವತ್ತೂ ಕೊಡಬೇಡಿ. ಆಮೇಲೆ ಪೂರ್ತಿ ತುಂಬಿ ಒಂದು ದಿನ ಬಿಡಿ. ಸೋರುವುದಿದ್ದರೆ ಆಗಲೇ ಸೋರಲಿ. ಮೀನು ಬಂದ ಮೇಲೆ, ರಾತ್ರಿ ಎರಡು ಗಂಟೆಗೆ, ಕೆಳಗಿನ ಮನೆಯ ಕಾಕು ಬಂದು ಬಾಗಿಲು ಬಡಿಯುವುದಕ್ಕಿಂತ ಅದು ವಾಸಿ :-)

ಇಲ್ಲಿಗೆ ಸ್ಟ್ಯಾಂಡು ಆಯ್ತು, ಇನ್ನು ನೀರು. ನಾವು ಟ್ಯಾಂಕಿಗೆ ತುಂಬುವ ಈ ನೀರು ಎಲ್ಲಿಂದ ಬಂತು ಅಂತ ಎಂದಾದರೂ ಯೋಚಿಸಿದ್ದೀರಾ? ನವಿ ಮುಂಬಯಿಯವರಿಗೆ ಖಾಲಾಪುರ ಕಡೆಯ ಮೊರ್ಬೆ ಅಣೆಕಟ್ಟು ಇದೆ. ಕಲ್ಯಾಣ-ಡೊಂಬಿವಲಿಯ ನಲ್ಲಿಗಳಿಗೆ ಬಹುಪಾಲು ಉಲ್ಹಾಸ ನದಿಯೇ ಗತಿ. ಈ ಉಲ್ಹಾಸದ ಕತೆ ಸ್ವಾರಸ್ಯವಾಗಿದೆ. ಘಟ್ಟದ ಮೇಲೆ, ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನಲ್ಲಿ ಆಂಧ್ರಾ ಅಂತ ಒಂದು ಸಣ್ಣ ನದಿ ಇದೆ. ಅದು ಇಂದ್ರಾಯಣಿಯನ್ನು ಸೇರುತ್ತದೆ, ಇಂದ್ರಾಯಣಿ ಭೀಮೆಯನ್ನು, ಭೀಮೆ ಪಂಢರಪುರ ದಾಟಿ ನಮ್ಮ ಕಲಬುರಗಿ ಸೀಮೆಗೆ, ಗಾಣಗಾಪುರದ ಸಂಗಮಕ್ಕೆ. ಆ ಆಂಧ್ರಾ ನದಿಗೆ ಟಾಟಾದವರು ಠೋಕರವಾಡಿಯಲ್ಲಿ ಅಣೆಕಟ್ಟು ಕಟ್ಟಿ, ನೀರನ್ನು ಘಟ್ಟದಿಂದ ಪಶ್ಚಿಮಕ್ಕೆ ಧುಮುಕಿಸಿ, 1922ರಲ್ಲಿ ಭಿವಪುರಿಯಲ್ಲಿ ವಿದ್ಯುತ್ ತೆಗೆಯಲು ಶುರುಮಾಡಿದರು. ಹೌದು, ನಮ್ಮ ಕರ್ಜತ್ ಲೋಕಲ್ಲಿನ ಭಿವಪುರಿ ರೋಡ್ ಸ್ಟೇಷನ್ ಇದೆಯಲ್ಲ, ಅದರ ಕಡೆಯೇ. ವಿದ್ಯುತ್ ಕೊಟ್ಟು ಹೊರಬಿದ್ದ ನೀರು ಉಲ್ಹಾಸಕ್ಕೆ ಸೇರುತ್ತದೆ. ಬೇಸಿಗೆಯಲ್ಲೂ ಉಲ್ಹಾಸ ಬತ್ತದೆ ಹರಿಯೋದಕ್ಕೆ ಇದೇ ದೊಡ್ಡ ಆಸರೆ.

ಅಂದರೆ ಗಾಣಗಾಪುರದ ಕಡೆ ಹೋಗಬೇಕಿದ್ದ ನೀರಿನ ಒಂದು ಪಾಲು ದಾರಿ ಬದಲಿಸಿ ಘಟ್ಟ ಇಳಿದು ಡೊಂಬಿವಲಿಯ ನಲ್ಲಿಗೆ ಬಂದಿದೆ, ನಮ್ಮ ಹಾಗೇ! ಇದನ್ನು ತಿಳಿದ ಮೇಲೆ ಟ್ಯಾಂಕಿನ ನೀರು ಬರೀ 'ನಲ್ಲಿ ನೀರು' ಅನ್ನಿಸೋದಿಲ್ಲ. ಇದನ್ನು ಬರೀ ಭಾವುಕತೆಗೆ ಹೇಳುತ್ತಿಲ್ಲ. ಈ ನದಿಯ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರಬೇಕಾಗಿದೆ.

ನದಿ ನೀರು ನಲ್ಲಿಗೆ ಬರುವಾಗ ಕ್ಲೋರಿನ್ ಹೊತ್ತು ಬರುತ್ತದೆ. ನಮ್ಮನ್ನು ಕಾಲರಾದಿಂದ ಕಾಪಾಡುವ ಅದೇ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಬಕೆಟ್ಟಿನಲ್ಲಿ ನೀರು ಹಿಡಿದು ಒಂದು ದಿನ ತೆರೆದಿಟ್ಟರೆ ಸಾಮಾನ್ಯ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹನಿಗಳು. ಹಳೇ ಫೋಟೋ ಸ್ಟುಡಿಯೋಗಳಲ್ಲಿ 'ಹೈಪೋ' ಅಂತ ಬಳಸುತ್ತಿದ್ದ ಸೋಡಿಯಂ ಥಯೋಸಲ್ಫೇಟೇ ಅವುಗಳಲ್ಲಿ ಸಾಮಾನ್ಯವಾಗಿ ಇರೋದು. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬಳಸುವವರು ಮೊದಲು ಗಡಸುತನ ಪರೀಕ್ಷಿಸಿ ನೋಡಿ. ಮತ್ತೆ, ಅಲಿಬಾಗಿನಿಂದ ಮಕ್ಕಳು ಆರಿಸಿಕೊಂಡು ಬಂದ ಚಿಪ್ಪುಗಳನ್ನು ಟ್ಯಾಂಕಿಗೆ ಹಾಕಬೇಡಿ. ಅದು ಸುಣ್ಣ, ಕರಗಿ ಕರಗಿ ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಜಲ್ಲಿಯ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟು ನೋಡಿ. ನೊರೆ ಬಂದರೆ ಅದರಲ್ಲೂ ಸುಣ್ಣವಿದೆ ಅಂತ ಲೆಕ್ಕ.

ಇನ್ನು ಗಿಡ. ಗಿಡ ಬೆಳೆಸಿದ ಅಕ್ವೇರಿಯಂ ಅಂದ ಕೂಡಲೇ ಜಪಾನಿನ ತಕಾಶಿ ಅಮಾನೋ ಮಾಡಿದ ಸುಂದರ ಟ್ಯಾಂಕುಗಳು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರು, ದುಬಾರಿ ದೀಪ ಎಲ್ಲ ಕಣ್ಣ ಮುಂದೆ ಬರುತ್ತವೆ. ಅಮಾನೋ 2015ರಲ್ಲಿ ತೀರಿಕೊಂಡರು. ಅವರ ಕೈಚಳಕಕ್ಕೆ ನಮಸ್ಕಾರ. ಆದರೆ ನಮ್ಮ ಒಂದು ಬೆಡ್‌ರೂಮಿನ ಬದುಕಿಗೆ ಹೊಂದುವ ಗುರು ಬೇರೆ ಇದ್ದಾರೆ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಗಿಡಗಳ ಅಕ್ವೇರಿಯಮ್ಮಿನ ಬಗ್ಗೆ ಒಂದು ಪುಸ್ತಕ ಬರೆದರು. ಅವರ ವಿಧಾನ ಸರಳ: ತಳಕ್ಕೆ ಸಾಮಾನ್ಯ ತೋಟದ ಮಣ್ಣು, ಅದರ ಮೇಲೆ ಜಲ್ಲಿಯ ಹೊದಿಕೆ, ತುಂಬ ಗಿಡ, ಸ್ವಲ್ಪ ಮೀನು. ಮಣ್ಣು ಗಿಡಕ್ಕೆ ಊಟ, ಮೀನಿನ ಹೊಲಸೂ ಗಿಡಕ್ಕೆ ಊಟ. ಸಿಲಿಂಡರ್ ಬೇಡ. ಮಣ್ಣು ನಮ್ಮ ಕೊಂಕಣದ ಕೆಂಪು ಮಣ್ಣಾದರೂ ನಡೆಯುತ್ತದೆ, ಕಬ್ಬಿಣದ ಅಂಶ ಹೇಗೂ ಇರುತ್ತದೆ. ನರ್ಸರಿಯಿಂದ ತರುವಾಗ ಗೊಬ್ಬರ ಬೆರೆಸದ್ದನ್ನೇ ಕೇಳಿ. ಜರಡಿ ಹಿಡಿದು ಒಂದು ಇಂಚು ಹರಡಿ, ಮೇಲೆ ತೊಳೆದ ಸಣ್ಣ ಜಲ್ಲಿ ಒಂದು ಇಂಚು. ಮೇಲೊಂದು ತಟ್ಟೆ ಇಟ್ಟು, ತಟ್ಟೆಯ ಮೇಲೆ ನಿಧಾನವಾಗಿ ನೀರು ಸುರಿಯಿರಿ, ಇಲ್ಲವಾದರೆ ಟ್ಯಾಂಕು ಜುಲೈ ತಿಂಗಳ ಉಲ್ಹಾಸವಾಗುತ್ತದೆ.

ಗಿಡ ಯಾವುದು? ಶುರುವಿಗೆ ರಿಬ್ಬನ್ನಿನ ಹಾಗೆ ಬೆಳೆಯುವ ವ್ಯಾಲಿಸ್ನೇರಿಯಾ, ಬೇಗ ಬೆಳೆಯುವ ಹೈಡ್ರಿಲ್ಲಾ. ಎರಡೂ ನಮ್ಮ ದೇಶದ ಕೆರೆ-ಹೊಳೆಗಳವೇ. ನೆರಳಿನಲ್ಲೂ ಬದುಕುವ ಕ್ರಿಪ್ಟೊಕೊರೈನ್ ಇದೆ, ಅದರ ಕೆಲವು ಜಾತಿಗಳು ನಮ್ಮ ಸಹ್ಯಾದ್ರಿಯ ಹೊಳೆಗಳಲ್ಲೇ ಹುಟ್ಟುತ್ತವೆ. ಜಗತ್ತಿನ ಅಕ್ವೇರಿಯಂ ಹುಚ್ಚರೆಲ್ಲ ಆಸೆಪಡುವ ಕೆಂಪು ಎಲೆಯ ರೊಟಾಲಾ ಮ್ಯಾಕ್ರಾಂಡ್ರಾ ಕೂಡ ದಕ್ಷಿಣ ಭಾರತದ್ದು. ಹಾಗಂತ ಹೊಳೆಗೆ ಹೋಗಿ ಕಿತ್ತು ತರಬೇಡಿ. ಅಂಗಡಿಯಲ್ಲಿ ಬೆಳೆಸಿದ್ದು ಸಿಗುತ್ತದೆ. ದೀಪ ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು, ಸಾಧಾರಣ ಬಿಳಿ ಎಲ್‌ಇಡಿ ಆದರೂ ಆಯ್ತು.

ಗಿಡ ನೆಟ್ಟಾಯ್ತು, ನೀರು ತುಂಬಿತು, ದೀಪ ಹತ್ತಿತು. ಈಗ ಬರುತ್ತದೆ ನಿಜವಾದ ಕಷ್ಟ. ಏನೂ ಮಾಡದೆ ಕಾಯಬೇಕು. ಮನೆಗೆ ಬಂದವರೆಲ್ಲ "ಮೀನೆಲ್ಲಿ?" ಅಂತಾರೆ. ಮಕ್ಕಳು ದಿನಾ ಅದನ್ನೇ ಕೇಳುತ್ತಾರೆ. ಕಾಯಿರಿ. ಯಾಕೆ ಅಂದರೆ, ಮೀನಿನ ಹೊಲಸಿನಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಇದು ಅಷ್ಟು ಅಪಾಯವಲ್ಲ, ಗಿಡಗಳು ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾ ಜಲ್ಲಿಯಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ, ಎಲೆಗಳ ಮೇಲೆ ನೆಲೆಯೂರಿ ಸಂಸಾರ ಬೆಳೆಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅವಕ್ಕೂ ಊಟ ಬೇಕಲ್ಲ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ಟ್ಯಾಂಕಿಗೇ ಹಾಕುತ್ತಿರಿ. ಅಂಗಡಿಯಲ್ಲಿ ಪರೀಕ್ಷೆಯ ಕಿಟ್ ಸಿಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಆರು ಪುಟ್ಟ ಮೀನು ತನ್ನಿ. ಮೂರು ವಾರ ಬಿಟ್ಟು ಇನ್ನು ನಾಲ್ಕು. 56 ಲೀಟರಿಗೆ ಅಷ್ಟೇ ಸಾಕು.

ಇಲ್ಲಿ ನನ್ನ ಸಿಟ್ಟಿರೋದು ವಾಸ್ತು ವ್ಯಾಪಾರದ ಮೇಲೆ. ಈಶಾನ್ಯದಲ್ಲಿ ಟ್ಯಾಂಕು, ಎಂಟು ಕೆಂಪು ಗೋಲ್ಡ್ ಫಿಶ್, ಒಂದು ಕಪ್ಪು. ಚೀನಾದ ಫೆಂಗ್ ಶೂಯಿ ನಮ್ಮ ವಾಸ್ತುವಿನ ಅಂಗಿ ತೊಟ್ಟು ಬಂದಿದೆ. ನಂಬಿಕೆ ಅವರವರಿಗೆ ಬಿಟ್ಟದ್ದು, ನನ್ನ ತಕರಾರಿಲ್ಲ. ಆದರೆ 2 ಅಡಿಯ ಟ್ಯಾಂಕಿನಲ್ಲಿ ಒಂಬತ್ತು ಗೋಲ್ಡ್ ಫಿಶ್ ಅಂದರೆ ಒಂದು ಬೆಡ್‌ರೂಮಿನಲ್ಲಿ ಐವತ್ತು ಜನ ನೆಂಟರು. ಅದು ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಬದುಕಿದರೆ ಅಂಗೈ ಮೀರಿ ಬೆಳೆಯುತ್ತದೆ. ಎಳೆ ಗಿಡಗಳನ್ನೆಲ್ಲ ಮೇಯುತ್ತದೆ, ಹೊಲಸು ವಿಪರೀತ. ಸಹಜವಾಗಿಯೇ ಎರಡು ವಾರದೊಳಗೆ ಒಂದೊಂದೇ ಸಾಯುತ್ತವೆ. ಆಗ ಏನಂತಾರೆ ಗೊತ್ತಲ್ಲ? "ಮನೆಗೆ ಬರಬೇಕಿದ್ದ ಕಂಟಕವನ್ನು ಮೀನು ತನ್ನ ಮೇಲೆ ತಗೊಂಡು ಹೋಯ್ತು." ಸ್ವಾಮಿ, ಅದು ತಗೊಂಡು ಹೋಗಿದ್ದು ಕಂಟಕ ಅಲ್ಲ, ಅಮೋನಿಯಾ. ಈ ಒಂದು ಮಾತಿನಿಂದ ಅಂಗಡಿಯವನಿಗೂ ಸಮಾಧಾನ, ಕೊಂಡವನಿಗೂ ಸಮಾಧಾನ. ಸತ್ತ ಮೀನಿನ ಪರವಾಗಿ ಕೇಳುವವರಿಲ್ಲ. ಮತ್ತೆ ಭಾನುವಾರ ಬರುತ್ತದೆ, ಮತ್ತೆ ಒಂಬತ್ತು ಮೀನು ಬರುತ್ತವೆ.

"ಇಪ್ಪತ್ತು-ಮೂವತ್ತು ರೂಪಾಯಿಯ ಮೀನಿಗೆ ಇಷ್ಟೆಲ್ಲ ಯಾಕೆ?" ಅನ್ನುವವರೂ ಇದ್ದಾರೆ. ಆ ಮೀನು ಎಲ್ಲಿಂದ ಬಂತು ನೋಡಿ. ನಮ್ಮ ಅಂಗಡಿಗಳ ಬಹಳಷ್ಟು ಬಣ್ಣದ ಮೀನು ಹುಟ್ಟೋದು ಚೆನ್ನೈನ ಕೊಳತ್ತೂರು ಕಡೆಯ ತೊಟ್ಟಿಗಳಲ್ಲೋ, ಕೋಲ್ಕತ್ತಾದ ಸುತ್ತಮುತ್ತಲೋ. ಅಲ್ಲಿಂದ ಪ್ಲಾಸ್ಟಿಕ್ ಚೀಲದಲ್ಲಿ ಕೂತು ಮುಂಬಯಿಗೆ, ಕುರ್ಲಾದ ಭಾನುವಾರದ ಬಜಾರಿಗೋ ಕ್ರಾಫರ್ಡ್ ಮಾರ್ಕೆಟ್ಟಿಗೋ. ಅಲ್ಲಿಂದ ಮತ್ತೊಂದು ಚೀಲದಲ್ಲಿ ಲೋಕಲ್ ರೈಲು ಹತ್ತಿ, ಯಾರದೋ ಎತ್ತಿ ಹಿಡಿದ ಕೈಯಲ್ಲಿ ಜೋತಾಡುತ್ತಾ ಡೊಂಬಿವಲಿಗೆ. ಇಷ್ಟು ದೂರ ಬದುಕಿ ಬಂದ ಜೀವವನ್ನು ನಾಲ್ಕನೇ ದಿನ ಕಮೋಡಿಗೆ ಸುರಿಯೋದು ಅಗ್ಗದ ವ್ಯವಹಾರ ಅಂತ ನನಗೆ ಅನ್ನಿಸೋದಿಲ್ಲ.

"ಹಾಗಾದರೆ ಸಾಕೋದೇ ತಪ್ಪು, ಮೀನು ಹೊಳೆಯಲ್ಲೇ ಇರಲಿ" ಅನ್ನುವವರ ಮಾತಿಗೆ ನಾನು ತಲೆಬಾಗುತ್ತೇನೆ. ಅದರಲ್ಲಿ ತೂಕವಿದೆ. ನದಿಯಿಂದ ಹಿಡಿದು ತಂದ ಮೀನನ್ನು ಕೊಳ್ಳಲೇಬಾರದು. ಕೇರಳದ ಹೊಳೆಗಳ 'ಮಿಸ್ ಕೇರಳ' ಅನ್ನುವ ಕೆಂಪು ಗೆರೆಯ ಚೆಂದದ ಮೀನನ್ನು ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿದೂ ಹಿಡಿದೂ ಈಗ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಆದರೆ ತೊಟ್ಟಿಯಲ್ಲೇ ತಲೆತಲಾಂತರದಿಂದ ಹುಟ್ಟಿ ಬೆಳೆದ ಗಪ್ಪಿ, ಮೋಲಿ, ಪ್ಲ್ಯಾಟಿಗಳಿಗೆ ಹೋಗಬೇಕಾದ ಹೊಳೆ ಅಂತ ಇಲ್ಲಿ ಯಾವುದೂ ಇಲ್ಲ. ಅವುಗಳ ಮಟ್ಟಿಗೆ ಗಿಡ ತುಂಬಿದ ಟ್ಯಾಂಕೇ ಸಿಗಬಹುದಾದ ಒಳ್ಳೆಯ ಹೊಳೆ. ಅಲ್ಲದೆ ನದಿ ಅಂದರೆ ಏನು ಅಂತ ನಮ್ಮ ಫ್ಲ್ಯಾಟಿನ ಮಕ್ಕಳಿಗೆ ತೋರಿಸೋದಕ್ಕೆ ಇನ್ನೇನಿದೆ ನಮ್ಮ ಹತ್ತಿರ? ನೀರಿನಲ್ಲಿ ನಮ್ಮ ಕಣ್ಣಿಗೆ ಕಾಣದ ಜೀವಗಳು ಕೆಲಸ ಮಾಡುತ್ತವೆ, ಹೊಲಸು ಗೊಬ್ಬರವಾಗುತ್ತದೆ, ಹೆಚ್ಚಾದರೆ ವಿಷವಾಗುತ್ತದೆ. ಇಷ್ಟನ್ನು ಮಗು ಕಣ್ಣಾರೆ ನೋಡಿದರೆ ಸ್ಟ್ಯಾಂಡಿಗೆ ಹಾಕಿದ ದುಡ್ಡು ವಸೂಲು.

ಈಗ ಮತ್ತೆ ಉಲ್ಹಾಸಕ್ಕೆ ಬರೋಣ. ಮೋಹನೆ ಹತ್ತಿರ ಈ ನದಿ ಎಷ್ಟೋ ವರ್ಷ ಹಸಿರು ಚಾಪೆ ಹೊದ್ದುಕೊಂಡಿದ್ದನ್ನು ನೋಡಿದ್ದೀರಲ್ಲ? ಮರಾಠಿಯಲ್ಲಿ ಜಲಪರ್ಣಿ ಅಂತಾರೆ, ನಮ್ಮಲ್ಲಿ ಎಷ್ಟೋ ಕಡೆ ಅಂತರಗಂಗೆ ಅಂತಲೇ ಕರೆಯೋದು. ಅದು ಇಲ್ಲಿಯ ಗಿಡವೇ ಅಲ್ಲ. ದಕ್ಷಿಣ ಅಮೆರಿಕದ್ದು. 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ಅದು ಬಂದದ್ದು ನೇರಳೆ ಹೂವಿನ ಚೆಂದಕ್ಕಾಗಿ, ಅಲಂಕಾರಕ್ಕೆ! ಯಾರದೋ ಕೊಳದಿಂದ ಹೊರಬಿದ್ದು ದೇಶದ ಕೆರೆ-ನದಿಗಳನ್ನೆಲ್ಲ ಮುಚ್ಚಿತು. ಅದು ಉಲ್ಹಾಸದಲ್ಲಿ ಇಷ್ಟು ಕೊಬ್ಬೋದಕ್ಕೆ ಕಾರಣ ನಾವು ಬಿಡುವ ಚರಂಡಿ ನೀರು. ಟ್ಯಾಂಕಿನಲ್ಲಿ ಹೊಲಸು ಹೆಚ್ಚಾದಾಗ ಗಾಜಿನ ಮೇಲೆ ಪಾಚಿ ಬರುವುದೂ ನದಿಯಲ್ಲಿ ಚರಂಡಿ ಹೆಚ್ಚಾದಾಗ ಜಲಪರ್ಣಿ ಬರುವುದೂ ಒಂದೇ ಪಾಠ.

ಅದಕ್ಕೇ ನನ್ನ ಕೊನೆಯ ಮಾತು ಖಡಾಖಂಡಿತ. ಸಾಕಲಾಗದ ಮೀನನ್ನು, ಹೆಚ್ಚಾದ ಗಿಡವನ್ನು ತಲಾವಿಗೆ ಬಿಡಬೇಡಿ. ಠಾಣೆಯನ್ನು ತಲಾವಾಂಚೆ ಶಹರ ಅಂತಾರೆ. ಕೋಪಿನೇಶ್ವರ ದೇವಸ್ಥಾನದ ಪಕ್ಕದ ಮಾಸುಂದಾ, ಉಪವನ, ಕಚರಾಳಿ, ಇತ್ತ ಕಲ್ಯಾಣದ ಕಾಳಾ ತಲಾವ್... "ಪಾಪ, ಬದುಕಿಕೊಳ್ಳಲಿ" ಅಂತ ಮೀನು ತಂದು ಬಿಡುವ ಪುಣ್ಯಾತ್ಮರಿಗೆ ಕೊರತೆಯಿಲ್ಲ. ಅದು ಪುಣ್ಯದ ಕೆಲಸವಲ್ಲ. ಪಾಚಿ ತಿನ್ನುತ್ತದೆ ಅಂತ ಅಂಗಡಿಯವರು ಕೊಡುವ ಕಪ್ಪು 'ಸಕ್ಕರ್' ಮೀನು ಒಂದು ಅಡಿ ಮೀರಿ ಬೆಳೆಯುತ್ತದೆ. ಹೀಗೆ ಹೊರಬಿಟ್ಟ ಸಕ್ಕರ್‌ಗಳು ಕೋಲ್ಕತ್ತಾದ ಪೂರ್ವದ ಜೌಗು ಪ್ರದೇಶದಲ್ಲಿ, ತಮಿಳುನಾಡಿನ ಕೆರೆಗಳಲ್ಲಿ, ಆಂಧ್ರಪ್ರದೇಶದ ಕೊಳಗಳಲ್ಲಿ ಹಬ್ಬಿ ಅಲ್ಲಿಯ ಮೀನುಗಳನ್ನು ಮೂಲೆಗೆ ತಳ್ಳಿವೆ, ಮೀನುಗಾರರ ಬಲೆ ಹರಿಯುತ್ತಿವೆ. ನಾವು ಒಂದು ಟ್ಯಾಂಕಿನ ಹೊಣೆ ತಪ್ಪಿಸಿಕೊಂಡರೆ ಅದನ್ನು ಹೊರುವವನು ಬಲೆ ನಂಬಿ ಬದುಕುವ ಒಬ್ಬ ಬಡವ.

ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಿ, ದುಡ್ಡು ಕೇಳಬೇಡಿ, ಅವರು ಖುಷಿಯಿಂದ ತೆಗೆದುಕೊಳ್ಳುತ್ತಾರೆ. ಇಲ್ಲವೇ ಟ್ಯಾಂಕಿರುವ ಪರಿಚಯದವರಿಗೆ ಕೊಡಿ. ಕತ್ತರಿಸಿದ ಗಿಡವನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ ಹೂಕುಂಡಕ್ಕೆ ಹಾಕಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವಾಗ ತೆಗೆದ ಒಂದು ಬಕೆಟ್ ನೀರನ್ನು ಮೋರಿಗೆ ಚೆಲ್ಲದೆ ತುಳಸಿಗೆ, ಕರಿಬೇವಿಗೆ ಹಾಕಿ. ನೈಟ್ರೇಟ್ ತುಂಬಿದ ಪುಕ್ಕಟೆ ಗೊಬ್ಬರ ಅದು.

ಇಷ್ಟೆಲ್ಲ ಆಗೋದಿಲ್ಲ ಅನ್ನುವವರು ಟ್ಯಾಂಕು ಕೊಳ್ಳೋದೇ ಬೇಡ. ಊರಿಗೆ ಹೋದಾಗ ಶೃಂಗೇರಿಗೋ ಶಿಶಿಲಕ್ಕೋ ಹೋಗಿ ಮಂಡಕ್ಕಿ ಹಾಕಿ ಬನ್ನಿ, ಅಲ್ಲಿಯ ಸುಖವೂ ಕಡಿಮೆಯೇನಲ್ಲ. ಆಗುತ್ತದೆ ಅನ್ನುವವರು ಈ ಭಾನುವಾರ ಮೀನಿನ ಬಜಾರಿಗೆ ಹೋಗಬೇಡಿ. ಅಳತೆ ಟೇಪು ಹಿಡಿದು ಮರದ ವಖಾರಿಗೆ ಹೋಗಿ.